ಮೂರು ದಿನದ ಜ್ವರ

ಸುಳ್ಳು ಜ್ವರ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ದುರ್ಗದ ಸೀಮೆಯಲ್ಲೇ ಇಲ್ಲ ಎಂದು ನನಗೆ ನಾನೇ ಬಿರುದು ಕೊಟ್ಟುಕೊಂಡಿದ್ದೆ. ಹಿರೇಗುಂಟನೂರಿನ ಆಚೆ ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ ನಾನು ನರ್ಸು. ಗುತ್ತಿಗೆ ಕೆಲಸ. ಹುಡುಗಿಯರು ಅಲ್ಲೇ ಉಂಡು ಅಲ್ಲೇ ಮಲಗುತ್ತಾರೆ. ಗಣಿತದ ಪರೀಕ್ಷೆ ಬಂತೆಂದರೆ ಅರ್ಧ ಜನಕ್ಕೆ ಹೊಟ್ಟೆನೋವು, ಉಳಿದರ್ಧಕ್ಕೆ ಜ್ವರ. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡರೆ ಮೈ ಕಾಯುತ್ತದೆ ಎಂಬ ವಿದ್ಯೆ ಯಾವ ಪಠ್ಯದಲ್ಲೂ ಇಲ್ಲ, ಆದರೂ ಅದನ್ನು ಕಲಿಯದೆ ಯಾವ ಹುಡುಗಿಯೂ ಆರನೇ ತರಗತಿ ದಾಟುವುದಿಲ್ಲ. ಮೈ ಕಾಯುವುದೂ ಇಲ್ಲ, ಮಣ್ಣೂ ಇಲ್ಲ. ವಾಸನೆ ಮಾತ್ರ ಬರುತ್ತದೆ. ಹಾಗಾಗಿ ನಾನು ಥರ್ಮಾಮೀಟರಿಗಿಂತ ಮೊದಲು ಮೂಗು ಉಪಯೋಗಿಸುತ್ತೇನೆ. ಸಿಕ್ಕ ಈರುಳ್ಳಿಯನ್ನು ಅಡುಗೆಯ ಏಕನಾಥಮ್ಮನಿಗೆ ಕಳಿಸಿ, ಹುಡುಗಿಯನ್ನು ಗದರಿ ತರಗತಿಗೆ ಅಟ್ಟುತ್ತೇನೆ.

ಊರಿಗೆ ಹೋದಾಗಲೆಲ್ಲ ಈ ಕಥೆಗಳಿಗೆ ಉಪ್ಪುಖಾರ ಹಚ್ಚಿ ಹೇಳುವುದು ನನ್ನ ಚಟ. ಊರೆಂದರೆ ಹೊಸದುರ್ಗದ ಹತ್ತಿರ. ಅಲ್ಲಿ ಗಂಡ ಕಿರಣ್‌ಕುಮಾರ್, ಅತ್ತೆ ಕೆಂಚಕ್ಕ, ಒಂದನೇ ತರಗತಿಯಲ್ಲಿ ಓದುವ ಮಗಳು ಬೃಂದಾ. ಶಾಲೆಯಲ್ಲಿ ನನಗೆ ಕೊಟ್ಟಿರುವುದು ಸಿಕ್ ರೂಮಿನ ಹಿಂದಿನ ಒಂದೇ ಕೋಣೆ. ಇಡೀ ಶಾಲೆಯ ಕೆಮ್ಮು ನೆಗಡಿ ಅಲ್ಲಿಗೇ ಬರುವುದರಿಂದ ಮಗುವನ್ನು ಜೊತೆಗಿಟ್ಟುಕೊಳ್ಳುವ ಮಾತಿಲ್ಲ. ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ ದುರ್ಗಕ್ಕೆ ಬಂದು, ಅಲ್ಲಿಂದ ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹಿಡಿದು ಊರು ಸೇರುತ್ತೇನೆ. ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್.

ರಜೆ ಇಲ್ಲವೆಂದಲ್ಲ. ತಿಂಗಳಿಗೊಂದು ಸಿಗುತ್ತದೆ, ಬಳಸದಿದ್ದರೆ ಮುಂದಿನ ತಿಂಗಳಿಗೆ ಸೇರುತ್ತದೆ. ಆದರೆ ಮಾರ್ಚ್ ಕೊನೆಗೆ ಗುತ್ತಿಗೆ ಮುಗಿದರೆ ಉಳಿದ ರಜೆಯೂ ಅದರ ಜೊತೆಗೇ ಮುಗಿಯಿತು. ಒಂದು ದಿನ ಯಾರ ನರ್ಸೂ ಅಲ್ಲದೆ ಮನೆಯಲ್ಲಿ ಕೂರಬೇಕು. ಆಮೇಲೆ ಹೊಸ ಆದೇಶ, ಹೊಸ ಲೆಕ್ಕ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನೆಂಟರ ಮದುವೆ, ನಾಮಕರಣ ಎಂದು ರಜೆಯನ್ನೆಲ್ಲ ಕಳೆದುಬಿಟ್ಟಿದ್ದೆ. ಜನವರಿಯಲ್ಲಿ ಬೃಂದಾಗೆ ಮೈ ಸುಡುವಂಥ ಜ್ವರ ಬಂದಾಗ ಕೈಯಲ್ಲಿ ಒಂದು ದಿನವೂ ಉಳಿದಿರಲಿಲ್ಲ. ಪ್ರಿನ್ಸಿಪಾಲ್ ಶಿವಕುಮಾರಪ್ಪನವರು ಕೆಟ್ಟವರಲ್ಲ, ನಿಯಮ ಅವರ ಕೈಯಲ್ಲಿರಲಿಲ್ಲ ಅಷ್ಟೆ. ನಾನು ಊರು ಮುಟ್ಟುವ ಹೊತ್ತಿಗೆ ಜ್ವರ ಇಳಿದಿತ್ತು. ಮಗು ಅಜ್ಜಿಯ ಮಡಿಲಲ್ಲಿ ಕೂತು, ನನ್ನನ್ನು ಪಕ್ಕದ ಮನೆಯವಳನ್ನು ನೋಡುವ ಹಾಗೆ ನೋಡಿತು. ಇನ್ನು ಮುಂದೆ ರಜೆ ಎಂದರೆ ಜ್ವರಕ್ಕೆ ಮಾತ್ರ ಎಂದು ಆವತ್ತೇ ನಿಶ್ಚಯ ಮಾಡಿದೆ.

ನಿಶ್ಚಯ ಮಾಡಿದ ಮೇಲೆ ನಾನು ಉಡದ ಹಾಗೆ, ಹಿಡಿದರೆ ಬಿಡುವವಳಲ್ಲ. ಮನೆಯಿಂದ ಫೋನ್ ಬಂದರೆ ಜ್ವರ ಇದೆಯಾ ಎಂದೇ ಕೇಳುತ್ತಿದ್ದೆ. ಇಲ್ಲವೆಂದರೆ ಶನಿವಾರ ಬರುತ್ತೇನೆ ಎನ್ನುತ್ತಿದ್ದೆ. ಬೃಂದಾಳ ಹುಟ್ಟಿದ ದಿನ ಬುಧವಾರ ಬಂತು. ಜ್ವರ ಇರಲಿಲ್ಲ, ನಾನು ಹೋಗಲಿಲ್ಲ. ಅವಳ ಮುಂದಿನ ಹಲ್ಲು ಬಿದ್ದದ್ದನ್ನು ಫೋಟೊದಲ್ಲಿ ನೋಡಿದೆ. ಈ ಫೆಬ್ರುವರಿಯಲ್ಲಿ ಅವರ ಶಾಲೆಯ ವಾರ್ಷಿಕೋತ್ಸವ ಬಂತು. ಅವಳದು ನವಿಲಿನ ವೇಷ. ಬಾ ಎಂದು ಫೋನಿನಲ್ಲಿ ಕರೆದಳು. ಹುಷಾರಾಗಿರುವ ಮಕ್ಕಳಿಗೆ ಅಜ್ಜಿ ಸಾಕು ಎಂದು ನಾನು ನ್ಯಾಯ ಹೇಳಿದೆ.

"ನಂಗೆ ಜ್ವರ ಬಂದ್ರೆ ಬರ್ತೀಯಾ?"

"ಓಡಿ ಬರ್ತೀನಿ ಕಣವ್ವ. ಮೂರು ದಿನದ ಜ್ವರ ಬಂದ್ರೆ ಮೂರು ದಿನಾನೂ ನಿನ್ ಜೊತಿಗೇ ಇರ್ತೀನಿ."

ಒಳ್ಳೆಯ ಮಾತು ಹೇಳಿದೆನೆಂದು ಸಮಾಧಾನವಾಯಿತು. ಕಿರಣ್ ವಿಡಿಯೊ ಮಾಡಿ ಕಳಿಸಿದರು. ಉಳಿದ ನವಿಲುಗಳು ಕುಣಿಯುತ್ತಿದ್ದರೆ ನಮ್ಮ ನವಿಲು ಕುಂತಿದ್ದ ಜನರಲ್ಲಿ ಯಾರನ್ನೋ ಹುಡುಕುತ್ತಿತ್ತು.

ಆ ವಾರ ಊರಿಗೆ ಹೋದೆ. ಬೋರ್‌ವೆಲ್ ನೀರಿನಲ್ಲಿ ಬೆಳೆದ ಈರುಳ್ಳಿ ಕಿತ್ತು ಜಗಲಿ ತುಂಬ ಹರಡಿದ್ದರು. ಭಾನುವಾರ ಅದರ ನಡುವೆಯೇ ಕೂತು ಮನೆಯವರಿಗೆಲ್ಲ ಹೊಸ ಕಥೆ ಹೇಳಿದೆ. ಎರಡೂ ಕಂಕುಳಲ್ಲಿ ಒಂದೊಂದು ಈರುಳ್ಳಿ ಇಟ್ಟುಕೊಂಡು, ರೆಕ್ಕೆ ಮುದುರಿದ ಕೋಳಿಯ ಹಾಗೆ ನಡೆದು ಬಂದ ಏಳನೇ ತರಗತಿಯ ಹುಡುಗಿಯದು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಬೃಂದಾ ನಗಲಿಲ್ಲ. ಈರುಳ್ಳಿ ಎಷ್ಟು ದೊಡ್ಡದಿತ್ತು ಎಂದು ಕೇಳಿದಳು. ನಾನು ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ.

ಸೋಮವಾರ ಬೆಳಿಗ್ಗೆ ಬ್ಯಾಗು ತುಂಬುತ್ತಿದ್ದೆ. ಬೃಂದಾ ಹಾಸಿಗೆಯಿಂದ ಸಣ್ಣ ದನಿಯಲ್ಲಿ, ಅಮ್ಮ, ಜ್ವರ ಎಂದಳು. ಹಣೆ ಮುಟ್ಟಿದೆ. ಗಡಿಗೆಯ ನೀರಿನ ಹಾಗೆ ತಣ್ಣಗಿತ್ತು. ಥರ್ಮಾಮೀಟರ್ ತೆಗೆದರೆ ಬಲಗೈಯನ್ನು ತಾನಾಗಿ ಎತ್ತಿದಳು. ಎಡಗೈ ಮಾತ್ರ ಮೈಗೆ ಅಂಟಿಕೊಂಡೇ ಇತ್ತು. ಬಗ್ಗಿದಾಗ ವಾಸನೆ ನನ್ನ ಮೂಗಿಗೆ ಬಡಿಯಿತು.

ತೆಗಿ ಹೊರಗೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬಾಗಿಲ ಹತ್ತಿರ ಕೂತು ಈರುಳ್ಳಿ ಆರಿಸುತ್ತಿದ್ದ ಅತ್ತೆ, ಮುಖ ಎತ್ತದೆಯೇ ಹೇಳಿದರು:

"ರಾತ್ರಿನೇ ಇಸ್ಕಂಡು ಮಲಗೈತೆ ಕಣಮ್ಮ. ನಾನು ಸಣ್ಣದು ಕೊಟ್ಟೆ, ಬ್ಯಾಡ ಅಂತು. ಸಣ್ಣದ್ರಾಗೆ ಒಂದಿನದ ಜ್ವರ ಬರ್ತೈತಂತೆ. ಮೂರು ದಿನದ್ದು ಬೇಕಂತೆ, ಅದ್ಕೇ ದೊಡ್ಡದು ಹುಡುಕ್ಕಂತು."

ಮೊದಲು ಅತ್ತೆಯ ಮೇಲೆ ಸಿಟ್ಟು ಬಂತು, ಕೊಟ್ಟರಲ್ಲ ಎಂದು. ಆಮೇಲೆ ನಾಚಿಕೆಯಾಯಿತು. ಹಾಸಿಗೆಯ ಅಂಚಿನಲ್ಲಿ ಕೂತುಬಿಟ್ಟೆ. ನಾನು ಉಳಿಯಲಿ ಎಂದು ನನ್ನ ಮಗಳು ರಾತ್ರಿಯೆಲ್ಲ ಕೈ ಸಡಿಲಿಸದೆ ಒಂದೇ ಮಗ್ಗುಲಲ್ಲಿ ಮಲಗಿದ್ದಳು. ನಾನು ಪಕ್ಕದಲ್ಲೇ ಗೊರಕೆ ಹೊಡೆದಿದ್ದೆ. ಇತ್ತ ನಾನು ಕೂಡಿಟ್ಟ ರಜೆಯೆಲ್ಲ ಇನ್ನೊಂದು ತಿಂಗಳಿಗೆ ನೀರುಪಾಲಾಗುವುದಿತ್ತು. ಎಂಥ ಜಾಣೆ ನಾನು ಎಂದು ನನ್ನನ್ನು ನಾನೇ ಬೈದುಕೊಂಡೆ.

ಶಿವಕುಮಾರಪ್ಪನವರಿಗೆ ಫೋನ್ ಮಾಡಿದೆ. ರಜೆ ಎನ್ನುವಷ್ಟರಲ್ಲಿ ಮಗಳಿಗೆ ಜ್ವರವಾ ಎಂದು ಅವರೇ ಕೇಳಿದರು. ನನ್ನ ನೇಮ ಅವರಿಗೂ ಬಾಯಿಪಾಠವಾಗಿತ್ತು. ಹೌದು ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಬೃಂದಾ ಕಣ್ಣು ಮುಚ್ಚಿಕೊಂಡು ಕಿವಿಗೊಟ್ಟು ಮಲಗಿದ್ದಳು.

"ಇಲ್ಲ ಸಾರ್, ಹುಷಾರಾಗಿದಾಳೆ. ಹುಷಾರಾಗಿರೋವಾಗ್ಲೇ ಮೂರು ದಿನ ಜೊತಿಗಿರಾಣ ಅಂತ."

ಹಾಗಾದರೆ ಇಲ್ಲಿನ ಹೊಟ್ಟೆನೋವಿನವರಿಗೆ ಏನು ಮಾಡಲಿ ಎಂದರು. ನಿಜವಾದ ನೋವಾದರೆ ಆರೋಗ್ಯ ಕೇಂದ್ರಕ್ಕೆ ಕಳಿಸಿ, ಪರೀಕ್ಷೆಯ ನೋವಾದರೆ ಏಕನಾಥಮ್ಮನ ಹತ್ತಿರ ಕೂರಿಸಿ ಎಂದೆ. ಯಾರೂ ಬೈಯುವುದು ಬೇಡ ಎಂದೂ ಸೇರಿಸಿದೆ. ಅರ್ಜಿಯನ್ನು ಬಂದಮೇಲೆ ಕೊಡಿ ಎಂದು ಫೋನ್ ಇಟ್ಟರು.

ಏಳವ್ವ, ತಿಂಡಿ ತಿನ್ನಾಣ ಎಂದೆ. ಎದ್ದಳು, ಆದರೆ ಎಡಗೈ ಬಿಡಲಿಲ್ಲ. ಒಂದೇ ಕೈಯಲ್ಲಿ ಮುಖ ತೊಳೆದಳು, ಒಂದೇ ಕೈಯಲ್ಲಿ ತಟ್ಟೆ ಎಳೆದುಕೊಂಡು ಉಪ್ಪಿಟ್ಟು ತಿಂದಳು. ನಾನು ಹೊರಡುವ ಸೀರೆ ಬಿಚ್ಚಿ ನೈಟಿ ಹಾಕಿಕೊಂಡದ್ದನ್ನು ನೋಡಿದಳು. ಬ್ಯಾಗನ್ನು ಅಟ್ಟದ ಮೇಲಿಟ್ಟದ್ದನ್ನೂ ನೋಡಿದಳು. ಆದರೂ ನಂಬಲಿಲ್ಲ. ನಂಬುವಂಥದ್ದನ್ನು ನಾನು ಯಾವತ್ತು ಮಾಡಿದ್ದೆ? ಈರುಳ್ಳಿ ಕಿತ್ತುಕೊಳ್ಳಲು ಕಿರಣ್ ಕೈ ಚಾಚಿದರು. ನಾನು ಕಣ್ಣಲ್ಲೇ ತಡೆದೆ.

ನಮ್ಮ ಮನೆ ರಸ್ತೆಗೇ ಇದೆ. ಬಸ್ಸು ಬಂತು. ಸೋಮವಾರ ನಾನು ಹತ್ತುತ್ತೇನೆಂದು ಡ್ರೈವರಿಗೂ ಗೊತ್ತು, ಹಾಗಾಗಿ ನಿಲ್ಲಿಸಿ ಹಾರ್ನ್ ಹೊಡೆದ. ಇನ್ನೊಮ್ಮೆ ಹೊಡೆದ. ಆಮೇಲೆ ಹೊಳಲ್ಕೆರೆ ಕಡೆಗೆ ಹೊರಟುಹೋದ. ಬೃಂದಾ ಹೊಸಿಲ ಮೇಲೆ ನಿಂತು, ಧೂಳು ಅಡಗುವವರೆಗೂ ನೋಡುತ್ತಿದ್ದಳು. ಆಮೇಲೆ ಒಳಗೆ ಬಂದು, ಎಡಗೈ ಎತ್ತಿ, ಈರುಳ್ಳಿಯನ್ನು ನನ್ನ ಅಂಗೈಯಲ್ಲಿಟ್ಟಳು.

"ತಗಾ, ಸಾರಿಗಾಕು."

ಈರುಳ್ಳಿ ಬೆಚ್ಚಗಿತ್ತು. ಅಲ್ಲೇ ಕೂತು ಅದನ್ನೇ ಹೆಚ್ಚಿದೆ. ಯಾಕೆ ಅಳ್ತಿದೀಯಾ ಎಂದು ಯಾರೂ ಕೇಳಲಿಲ್ಲ.