ಎಡ ಮಣಿಕಟ್ಟಿನ ಕೆಳಗೆ

ಮತ್ತೆ ಅದೇ ಉಬ್ಬು, ಎಡ ಮಣಿಕಟ್ಟಿನ ಕೆಳಗೆ, ಸಾಸಿವೆಗಿಂತ ದೊಡ್ಡದು, ಮೆಣಸಿಗಿಂತ ಚಿಕ್ಕದು — ಲ್ಯಾಪ್‌ಟಾಪ್ ಆರಿಸಿ ಮಗುಚುವ ಮೊದಲು ಕೈ ತಾನಾಗಿ ಅಲ್ಲೇ ಹೋಗಿ ಕೂತಿತು, ಎರಡು ವರ್ಷದ ಅಭ್ಯಾಸ, ಬಿಸಿಗೆ ಪ್ಲಾಸ್ಟಿಕ್ ಉಬ್ಬಿರುತ್ತೆ ಕಣೇ ಅಂದಿದ್ದರು ಇವರು, ಪೇಪರಿನಿಂದ ತಲೆ ಎತ್ತದೆ, ನಂಬಿದೆ, ನಂಬದೇ ಇರಲು ಏನಿತ್ತು. ಈಗ ಊಟದ ಮೇಜಿನ ಮೇಲೆ ಟವೆಲ್ ಹಾಸಿ ಬೋರಲು ಮಲಗಿಸಿದ್ದೇನೆ, ಪಕ್ಕದಲ್ಲಿ ಹೊಸ ರ‍್ಯಾಮ್ ಪಟ್ಟಿ, ಬೆರಳುದ್ದದ ಹಸಿರು ತುಂಡು, ಇದು ಕೂತರೆ ನಕ್ಷೆಗಳು ಓಡುತ್ತವೆ, ಓಡಲೇಬೇಕು, ಸೋಮವಾರದೊಳಗೆ ಶಾಲೆಯ ಕಟ್ಟಡದ ನಕ್ಷೆ ಹೋಗದಿದ್ದರೆ ಆರ್ಕಿಟೆಕ್ಟ್ ಮೇಡಂ ಮೂರನೇ ಸಲ ಕರೆಯುವವರಲ್ಲ, ಹೋದ ಸಲ ಮನೆ ಕಟ್ಟಿಸುವವರೆಲ್ಲ ಕೂತು ನೋಡುತ್ತಿದ್ದಾಗ ಪರದೆಯ ಮೇಲೆ ಮೆಟ್ಟಿಲು ಅರ್ಧಕ್ಕೇ ನಿಂತುಬಿಟ್ಟಿತು, ಮೇಲೂ ಹೋಗದು ಕೆಳಗೂ ಇಳಿಯದು, ನಿಮಗೂ ಮನೆಕೆಲಸ ಜಾಸ್ತಿಯೇನೋ, ಸ್ವಲ್ಪ ದಿನ ಬಿಡುವು ತಗೊಳ್ಳಿ ಅಂದರು ಮೇಡಂ, ಮೃದುವಾಗಿ, ಬೈದಿದ್ದರೇ ಚೆನ್ನಾಗಿತ್ತು. ಮನೆಗೆ ಬಂದು ಮೆಷಿನ್ನು ನಿಧಾನ ರೀ ಅಂದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಕ್ಕರು ಇವರು, ನಾನೂ ನಕ್ಕೆ — ಯಾಕೆ ನಕ್ಕೆ.

ಕಾಗದದ ಮೇಲೆ ತಳದ ಆಕಾರ ಬರೆದುಕೊಂಡಿದ್ದೇನೆ, ಬಿಚ್ಚಿದ ಸ್ಕ್ರೂ ಬಿಚ್ಚಿದ ಜಾಗದಲ್ಲೇ ಟೇಪು ಹಾಕಿ ಅಂಟಿಸುವುದು, ನಕ್ಷೆ ಬರೆಯುವವಳ ಚಟ, ಹಿಂದಿನ ಸಾಲಿನವು ಉದ್ದ, ಮುಂದಿನವು ಗಿಡ್ಡ, ಅಲ್ಲ, ಹಿಂದೆ ಒಂದು ಗಿಡ್ಡದ್ದೂ ಇದೆ, ಸ್ಕ್ರೂಡ್ರೈವರ್ ಇಟ್ಟ ಕೂಡಲೇ ಸಡಿಲವಾಗಿ ತಿರುಗಿತು, ಅದರ ಜಾಗದಲ್ಲಿರಬೇಕಾದ ಉದ್ದದ್ದು ಎಲ್ಲಿ, ಇಲ್ಲಿ, ಮುಂದಿನ ಮೂಲೆಯಲ್ಲಿ ಒಂದು ಉದ್ದದ್ದು, ತಲೆಯ ಗೀಟು ಸವೆದುಹೋಗಿದೆ, ಯಾರೋ ಬಲವಂತವಾಗಿ ಒತ್ತಿ ತಿರುಗಿಸಿದ್ದಾರೆ. ಮೂಲೆ ಎಂದರೆ — ಬೋರಲು ಮಲಗಿದೆಯಲ್ಲ, ಎಡ ಬಲ ಅದಲುಬದಲು, ತಿರುಗಿಸಿ ನೋಡಿದರೆ ಸರಿಯಾಗಿ ನನ್ನ ಎಡ ಮಣಿಕಟ್ಟು. ಬಿಸಿಯಲ್ಲ. ಸ್ಕ್ರೂ. ಕೆಳಗಿನಿಂದ ಚುಚ್ಚಿ ಚುಚ್ಚಿ ಎದ್ದದ್ದು. ಅಂಗಡಿಯವನು ಹಳೇ ಮಾಲು ದಾಟಿಸಿದನೇ, ಆದರೆ ಮೊದಲ ವರ್ಷ ಉಬ್ಬು ಇರಲಿಲ್ಲ, ಇರಲಿಲ್ಲ, ಅಕ್ಕನ ಬಾಣಂತನ ಮುಗಿಸಿ ಬಂದ ದಿನ ಕೂತು ಕೈಯಿಟ್ಟಾಗ ಚುಚ್ಚಿತ್ತು, ಅದೇ ದಿನ ಮೆಷಿನ್ನು ಏದುಸಿರು ಬಿಡತೊಡಗಿತ್ತು. ನಾನಿಲ್ಲದಾಗ ಮನೆಯಲ್ಲಿದ್ದದ್ದು ಇವರು, ಇವರ ತಂಗಿ. ನಾದಿನಿಯೇ? ಅವಳು ಮಿಕ್ಸಿಯ ಮುಚ್ಚಳ ತೆಗೆಯಲೂ ಅಣ್ಣನನ್ನು ಕೂಗುವವಳು, ಆದರೆ ಏನೋ ಅಂದಿದ್ದಳಲ್ಲ, ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ, ಅತ್ತಿಗೆ, ಅಣ್ಣ ನಿಮ್ಮ ಟೇಬಲ್ ಮೇಲೆ ಆಪರೇಷನ್ನೇ ಮಾಡ್ಬಿಟ್ಟ, ಡಾಕ್ಟರ್ ಆಗ್ಬೇಕಿತ್ತು ಅವನು — ಧೂಳು ಒರೆಸ್ತಿದ್ದೆ ಮಾರಾಯ್ತಿ, ನಡಿ, ಬಸ್ ಹೋಗುತ್ತೆ ಅಂದಿದ್ದರು ಇವರು. ಧೂಳಂತೆ. ಇವರು ಧೂಳು ಒರೆಸಿದ್ದನ್ನು ಈ ಮನೆಯ ಯಾವ ಕಪಾಟು ನೋಡಿದೆ.

ಹಳೇ ಪ್ಲಾಸ್ಟಿಕ್ ಕಾರ್ಡು ಸಂದಿಗೆ ತೂರಿಸಿ ಎಳೆದೆ, ಟಪ್, ಟಪ್, ಅಂಚುದ್ದಕ್ಕೂ ಕೊಕ್ಕೆ ಬಿಟ್ಟುಕೊಂಡಿತು, ಇಷ್ಟು ಸಲೀಸಾಗಿ ಬಿಡುತ್ತದೆಯೇ ಮೊದಲ ಸಲ ತೆರೆಯುವ ಮುಚ್ಚಳ, ಬ್ಯಾಟರಿಯ ತಂತಿ ಮೊದಲು ಕಿತ್ತೆ, ರ‍್ಯಾಮ್ ಅಂಗಡಿಯ ಹುಡುಗಿ ಹಾಗೇ ಹೇಳಿಕೊಟ್ಟಿದ್ದಳು, ಆಂಟಿ, ನಿಮ್ಮ ಮಾಡೆಲ್‌ನಲ್ಲಿ ಎರಡು ಗೂಡು, ಕಂಪನಿಯಿಂದ್ಲೇ ಎರಡೂ ತುಂಬಿರುತ್ತೆ, ಒಂದನ್ನ ತೆಗೆದು ಇದನ್ನ ಕೂರಿಸಿ. ಒಂದನ್ನು ತೆಗೆದು. ತೆಗೆಯಲು ಏನಿದೆ. ಒಂದು ಗೂಡಿನಲ್ಲಿ ಪಟ್ಟಿ, ಇನ್ನೊಂದರಲ್ಲಿ ಏನೂ ಇಲ್ಲ, ಎರಡು ಬೆಳ್ಳಿ ಚಿಮುಟ ತೆರೆದುಕೊಂಡು ಕಾಯುತ್ತಿವೆ, ಒಳಕೋಣೆಯಿಂದ ಇವರ ಕೀಬೋರ್ಡಿನ ಕೀಲಿಗಳ ಸದ್ದು, ಟಕಟಕಟಕ, ಎಷ್ಟು ಹಗುರ, ನಾನು ಬಾಣಂತನ ಮುಗಿಸಿ ಬಂದ ಅದೇ ವಾರ ಅಲ್ಲವೇ ಇವರ ಮುದಿ ಲ್ಯಾಪ್‌ಟಾಪಿಗೆ ಪ್ರಾಯ ಬಂದದ್ದು, ಏನೋ ಸೆಟ್ಟಿಂಗ್ ಬದಲಾಯಿಸಿದೆ, ನೀನು ಹತ್ತು ಕಿಟಕಿ ತೆರೆದಿಟ್ಕೋತೀಯ, ಅದಕ್ಕೇ ನಿಂದು ತೆವಳುತ್ತೆ ಅಂದಿದ್ದರು, ನಾನು ಕಿಟಕಿಗಳನ್ನು ಮುಚ್ಚಿದೆ, ಒಂದೊಂದಾಗಿ ಮುಚ್ಚಿದೆ, ಕೊನೆಗೆ ನನ್ನ ಕೈಯೇ ನಿಧಾನವೇನೋ ಎಂದು ಕನ್ನಡಕ ಬದಲಾಯಿಸಿಕೊಂಡು ಬಂದೆ. ಸುಮ್ಮನೆ ಅನುಮಾನವೇ ಇದು, ಮನೆಯೊಳಗಿನ ಅನುಮಾನ ಗೆದ್ದಲಿದ್ದ ಹಾಗೆ ಅನ್ನುತ್ತಿದ್ದಳು ಅಮ್ಮ, ಬಿಟ್ಟರೂ ತಿನ್ನುತ್ತೆ ಕೆದಕಿದರೂ ಉದುರುತ್ತೆ — ಬೆಳಿಗ್ಗೆಯಷ್ಟೇ ಕೇಳಿದೆನಲ್ಲ, ಇದನ್ನ ಬಿಚ್ಚಿ ಕೊಡ್ತೀರಾ ಅಂತ, ಅಯ್ಯೋ, ಅದರ ತಳ ಹೇಗಿದೆ ಅಂತ್ಲೇ ನಾನು ಕಂಡಿಲ್ಲ, ನೀನೂ ಮುಟ್ಬೇಡ, ಅಂಗಡಿಗೆ ಕೊಡು ಅಂದರು.

ಕೀಲಿಗಳ ಸದ್ದು ನಿಂತಿತು. ಹೆಜ್ಜೆ. ಕಾಗದದ ಮೇಲೆ, ಸ್ಕ್ರೂಗಳ ಮೇಲೆ, ಟವೆಲ್ಲಿನ ತುದಿ ಎಳೆದುಕೊಂಡೆ, ನನ್ನ ಮನೆಯಲ್ಲೇ ನಾನು ಕಳ್ಳಿಯ ಹಾಗೆ. ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತರು, ಭಲೇ, ಬಿಚ್ಚೇಬಿಟ್ಯಾ, ನಿನ್ನ ಹಟ, ಹಾಂ, ಮುಚ್ಚೋವಾಗ ನೋಡ್ಕೊಂಡು ಹಾಕು, ಉದ್ದದ್ದು ಹಿಂದಿನ ಸಾಲಿಗೆ, ಮುಂದೆ ಹಾಕಿದ್ರೆ ಮೇಲಕ್ಕೆ ಚುಚ್ಕೊಂಡು ಬರುತ್ತೆ — ಲೋಟ ತುಟಿಯ ಹತ್ತಿರವೇ ನಿಂತಿತು. ನಾನು ತಲೆ ಎತ್ತಲಿಲ್ಲ. ಹೂಂ ಅಂದೆ. ಹೆಜ್ಜೆ ಒಳಗೆ ಹೋಯಿತು, ಕೀಲಿಗಳ ಸದ್ದು ಮಾತ್ರ ಮತ್ತೆ ಬರಲಿಲ್ಲ. ಹೊಸ ಪಟ್ಟಿಯನ್ನು ಖಾಲಿ ಗೂಡಿಗೆ ಓರೆಯಾಗಿ ತೂರಿಸಿ ಒತ್ತಿದೆ, ಚಿಮುಟಗಳು ಕಚ್ಚಿಕೊಂಡವು, ಬ್ಯಾಟರಿಯ ತಂತಿ ಮತ್ತೆ ಸಿಕ್ಕಿಸಿ ತಳ ಮುಚ್ಚಿದೆ, ಉದ್ದದ್ದು ಹಿಂದೆ, ಗಿಡ್ಡದ್ದು ಮುಂದೆ, ಎಲ್ಲ ಅದರದರ ಜಾಗಕ್ಕೆ, ಇನ್ನು ಕೆಳಗಿನಿಂದ ಚುಚ್ಚುವಂಥದ್ದು ಏನೂ ಇಲ್ಲ, ತಿರುಗಿಸಿ ಹೊತ್ತಿಸಿದೆ, ಶಾಲೆಯ ಮೆಟ್ಟಿಲು ಒಂದೇ ಉಸಿರಿಗೆ ಮೇಲಿನ ಮಹಡಿ ಮುಟ್ಟಿತು, ನೆಲವೇ ಡೊಂಕಿತ್ತು ರೀ ಎಂದು ಕೂಗಿ ಹೇಳಬೇಕು, ಈಗಲೇ, ಬಾಯಿ ತೆರೆದೆ, ಕೈ ತಾನಾಗಿ ಹೋಗಿ ತನ್ನ ಜಾಗದಲ್ಲಿ ಕೂತಿತು — ಸ್ಕ್ರೂ ಹೋಗಿದೆ, ಪ್ಲಾಸ್ಟಿಕ್ ಇಳಿದಿಲ್ಲ, ಅಲ್ಲೇ ಇದೆ, ಎಡ ಮಣಿಕಟ್ಟಿನ ಕೆಳಗೆ, ಸಾಸಿವೆಗಿಂತ ದೊಡ್ಡದು, ಮೆಣಸಿಗಿಂತ ಚಿಕ್ಕದು.