ಟೀಚರ್ ಬಳೆ

ಗಿಡದ ರೋಗ ಕಲಿಸುವವರು ರೋಗಕ್ಕೆ ದಾಕ್ಷಿಣ್ಯ ತೋರಿಸಬಾರದು. ಸಸ್ಯರೋಗದ ಮೇಡಂಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಗೊತ್ತಿದ್ದರೆ ಸಾಕೇ? ಅವತ್ತು ಅವರು ಮೇಷ್ಟ್ರುಗಳಿಗೆ ತರಬೇತಿ ಕೊಡಲು ಬಂದಿದ್ದ ಶಾಲೆಯಲ್ಲೇ ಅವರ ತಂಗಿ ಟೀಚರ್ ಆಗಿದ್ದಳು. ಹೋದ ವರ್ಷ ತೀರಿಕೊಂಡಳು. ಅವಳನ್ನು ಯಾರಾದರೂ ವಿಚಾರಿಸಿದರೆ ಅವಳು ಊರಲ್ಲಿಲ್ಲ ಎಂದು ಮೇಡಂ ಈಗಲೂ ತೇಲಿಸಿಬಿಡುತ್ತಿದ್ದರು.

ಬೆಳಗಿನ ಪಾಠ ಸಲೀಸಾಗಿ ನಡೆಯಿತು. ಎಲೆಯ ಚುಕ್ಕಿ, ತುಕ್ಕು, ಬೂದಿಯನ್ನು ಭೂತಗನ್ನಡಿಯಲ್ಲಿ ನೋಡುತ್ತ ಮೇಷ್ಟ್ರುಗಳು ಮಕ್ಕಳನ್ನು ಮೀರಿಸುವಷ್ಟು ಗಲಾಟೆ ಮಾಡಿದರು. ಇದರಲ್ಲಿ ಭೂತವೂ ಕಾಣುತ್ತದೆಯೇ ಎಂದು ಗಣಿತದ ಮೇಷ್ಟ್ರು ಕೇಳಿ ನಗಿಸಿದರು.

ಆಮೇಲೆ ಮುಖ್ಯೋಪಾಧ್ಯಾಯಿನಿ ಒಂದು ದಾಸವಾಳದ ಕುಂಡ ತಂದು ಮೇಜಿನ ಮೇಲಿಟ್ಟರು. ತಂಗಿ ನೆಟ್ಟಿದ್ದ ಗಿಡ. ಅವಳು ಹೋದ ಮೇಲೆ ಅದರ ಎಲೆಗಳಲ್ಲಿ ಹಳದಿ ಉಂಗುರಗಳು ಮೂಡಿದ್ದವಂತೆ. ಅವಳು ಕೈತುಂಬ ಹಳದಿ ಬಳೆ ತೊಡುತ್ತಿದ್ದವಳು. ಮಕ್ಕಳು ಆ ಉಂಗುರಗಳಿಗೆ ಟೀಚರ್ ಬಳೆ ಎಂದು ಹೆಸರಿಟ್ಟರು. ಕೆಲವರಿಗೆ ಗಿಡದ ಹತ್ತಿರ ಬಳೆಯ ಸದ್ದೂ ಕೇಳಿತಂತೆ. ದೊಡ್ಡವರು ಗದರಲಿಲ್ಲ. ಟೀಚರ್ ಎಲ್ಲೂ ಹೋಗಿಲ್ಲ, ಗಿಡದಲ್ಲೇ ಇದ್ದಾರೆ ಎಂದು ಮಕ್ಕಳ ಅಳು ನಿಲ್ಲಿಸಿದರು. ಒಂದೇ ಕತ್ತರಿಯಲ್ಲಿ ಕಡ್ಡಿ ಕತ್ತರಿಸಿ ತರಗತಿಗೊಂದರಂತೆ ನೆಟ್ಟರು, ಸುತ್ತಲಿನ ಶಾಲೆಗಳಿಗೂ ಹಂಚಿದರು. ಪ್ರೀತಿ ಕುರುಡು ಅನ್ನುತ್ತಾರೆ, ಇಲ್ಲಿ ಅದರ ಕೈಗೆ ಕತ್ತರಿ ಬೇರೆ ಸಿಕ್ಕಿತ್ತು.

ಮೇಡಂಗೆ ಭೂತಗನ್ನಡಿ ಬೇಕಾಗಲಿಲ್ಲ. ಅದು ವೈರಸ್ಸಿನಿಂದ ಬರುವ ನಂಜುರೋಗ. ಅದಕ್ಕೆ ಮದ್ದಿಲ್ಲ, ಕತ್ತರಿಗೆ ಅಂಟಿದ ರಸದಲ್ಲೇ ಗಿಡದಿಂದ ಗಿಡಕ್ಕೆ ದಾಟುತ್ತದೆ. ಸುಡುವುದೊಂದೇ ದಾರಿ. ಆದರೆ ಹೇಳಲು ಬಾಯಿ ಬರಲಿಲ್ಲ. ಸುಮ್ಮನಿದ್ದರೆ ತಂಗಿ ಶಾಲೆ ಶಾಲೆಯಲ್ಲೂ ಚಿಗುರುತ್ತಾಳೆ, ಇದ್ದಬದ್ದ ದಾಸವಾಳವೆಲ್ಲ ಕೆಡುತ್ತದೆ.

ಕಿಟಕಿಯ ಗಾಳಿಗೆ ಎಲೆಗಳು ಅಲುಗಿದವು. ಆಗ ಅವರ ಕಿವಿಗೂ ಬಳೆಯ ಸದ್ದು ಬಿತ್ತು, ಮೊಣಕೈಯ ಪಕ್ಕದಲ್ಲೇ. ಹೆದರಿಕೆಯಾಗಲಿಲ್ಲ. ಅದು ಇನ್ನೊಮ್ಮೆ ಕೇಳಲಿ ಎಂದು ಎಷ್ಟು ಆಸೆಯಾಯಿತೆಂದರೆ, ಆ ಆಸೆಗೇ ಅವರು ಹೆದರಿದರು.

“ಇದು ರೋಗ. ಕಡ್ಡಿ ಕೊಟ್ಟ ಕಡೆಯಿಂದೆಲ್ಲ ವಾಪಸ್ ತರಿಸಿ. ಸುಡಬೇಕು.”

ಮುಖ್ಯೋಪಾಧ್ಯಾಯಿನಿ ಕುಂಡವನ್ನು ತಮ್ಮತ್ತ ಎಳೆದುಕೊಂಡರು.

“ಮಕ್ಕಳಿಗೆ ಏನಂತ ಹೇಳೋದು ಮೇಡಂ?”

ಮೇಡಂ ಎದ್ದು ಗಿಡವನ್ನು ಬುಡಸಮೇತ ಕಿತ್ತರು. ಬೇರಿನ ಜೊತೆ ಒದ್ದೆ ಮಣ್ಣು ಮೇಜಿನ ಮೇಲೆ ಉದುರಿತು. ಬಳೆಯ ಸದ್ದು ಮಾತ್ರ ನಿಲ್ಲಲಿಲ್ಲ.

“ಟೀಚರ್ ಸತ್ತುಹೋದ್ರು ಅಂತ ಹೇಳಿ,” ಎಂದರು. “ನಾನೂ ಇದೇ ಮೊದಲ ಸಲ ಹೇಳ್ತಾ ಇರೋದು.”