ನಮ್ಮ ರಾಹುಕಾಲ

"ಕೂತಿದ್ದಕ್ಕೆಲ್ಲ ಕೂಲಿ ಕೊಡಕ್ಕೆ ನಾನೇನು ನಿಮ್ ಮಾವನಾ? ಬೇಲಿ ಆಚೆ ಕೂತ್ಕಳ್ರೇ, ಮುಂಡೇವಾ. ಪೂಜೆ ಮಾಡೋ ಜಾಗ ಇದು."

ದ್ರಾಕ್ಷಿ ತೋಟದ ರಾಮಾಂಜಿನಪ್ಪ ಬೆಳಗಿನಿಂದ ನಮಗೆ ಕೊಟ್ಟದ್ದು ಇಷ್ಟೇ. ಹೊತ್ತು ಹುಟ್ಟುವ ಮುಂಚೆಯೇ ಕೇರಿಗೆ ಬಂದು ಹೆಂಗಸರನ್ನೆಲ್ಲ ಎಬ್ಬಿಸಿ ಕರೆತಂದ. ವ್ಯಾಪಾರಿ ಫೋನು ಮಾಡಲಿಲ್ಲವೆಂದು ಮಧ್ಯಾಹ್ನದವರೆಗೆ ಕೂರಿಸಿದ. ಫೋನು ಬಂದಾಗ ರಾಹುಕಾಲ ಶುರುವಾಗಿತ್ತು. ಮೊದಲ ಗೊಂಚಲು ಕತ್ತರಿಸುವವರೆಗೆ ನಮ್ಮ ಹೊತ್ತಿಗೆ ಲೆಕ್ಕವಿಲ್ಲ. ಕತ್ತರಿಸಿದ ಮೇಲೆ ಕತ್ತಲಾದರೂ ಬಿಡುಗಡೆಯಿಲ್ಲ.

ಸಂಘಮಿತ್ರ ಬಾಣಂತನ ಮುಗಿಸಿ ಅಂದೇ ಮೊದಲು ಕೆಲಸಕ್ಕೆ ಬಂದಿದ್ದಳು. ಕೂಸು ಕೇರಿಯಲ್ಲಿ ಪಕ್ಕದ ಮನೆಯ ಮುದುಕಿಯ ಹತ್ತಿರ. ಎದೆ ಹಾಲು ಸೋರಿ ರವಿಕೆ ಒದ್ದೆಯಾಗಿತ್ತು.

"ಅಪ್ಪಾ, ಹೆಂಗೂ ಕೂತಿದೀವಲ್ಲ. ಮಗೀಗೆ ಹಾಲು ಕೊಟ್ಟು ಓಡ್ಬಂದ್ಬಿಡ್ತೀನಿ" ಎಂದಳು.

"ಹೋದ್ರೆ ಹಂಗೇ ಹೋಗು. ನಾಳೆಯಿಂದ ಮುಖ ತೋರಿಸ್ಬೇಡ. ಪೂಜೆ ಆಗ್ತಿದ್ದಂಗೆ ಎಲ್ಲಾರೂ ಇರ್ಬೇಕು ನಂಗೆ."

"ರಾಹುಕಾಲ ಇನ್ನೂ ಐತಲ್ಲಪ್ಪಾ" ಎಂದಳು ಅವಳ ಅತ್ತೆ ಲಕ್ಷ್ಮಿದೇವಮ್ಮ.

"ಬುದ್ಧನ ಫೋಟೋ ಇಟ್ಕೊಂಡೋರಿಗೆ ಯಾವ ರಾಹುಕಾಲನೇ? ಅದೆಲ್ಲ ನಮ್ಮಂಥೋರಿಗೆ."

ಹೀಗೆ ಹೇಳಿ ಮಹಾನುಭಾವ ಬೇವಿನ ನೆರಳಿನ ಮಂಚದಲ್ಲಿ ಉರುಳಿಕೊಂಡು ಮೊಬೈಲ್ ನೋಡತೊಡಗಿದ. ನಾವು ಬಿಸಿಲಲ್ಲಿ ಕೂತೆವು.

ನಂದಿ ಬೆಟ್ಟದ ಮೇಲೆ ಮೋಡ ಕಪ್ಪಾಯಿತು. ಮಾಗಿದ ದ್ರಾಕ್ಷಿಗೆ ಮಳೆ ಬಿದ್ದರೆ ಹಣ್ಣು ಬಿರಿಯುತ್ತದೆ, ವ್ಯಾಪಾರಿ ಮೂಸಿಯೂ ನೋಡುವುದಿಲ್ಲ. ರಾಮಾಂಜಿನಪ್ಪ ಎದ್ದು ಆಕಾಶ ನೋಡಿದ, ಗಡಿಯಾರ ನೋಡಿದ, ಪಂಚೆ ಎತ್ತಿ ಕಟ್ಟಿ ಅತ್ತಿಂದಿತ್ತ ಓಡಾಡಿದ. ಆದರೂ ಕತ್ತರಿ ಮುಟ್ಟುವ ಧೈರ್ಯ ಬರಲಿಲ್ಲ. ನನಗೆ ಹೊಟ್ಟೆಯೂ ಉರಿಯಿತು, ನಗುವೂ ಬಂತು.

ಗುಡುಗು ಶುರುವಾದಾಗ ಅವನ ರಾಹುಕಾಲ ಮುಗಿಯಿತು. ಕರ್ಪೂರ ಹಚ್ಚಿ, ಒಂದು ಗೊಂಚಲು ಕತ್ತರಿಸಿ ಕೂಗಿದ. "ಏಳ್ರೇ, ಮಳೆ ಬರೋದ್ರೊಳಗೆ ಕ್ರೇಟ್ ತುಂಬ್ರೇ."

ಲಕ್ಷ್ಮಿದೇವಮ್ಮ ಏಳಲಿಲ್ಲ. ಎಲೆಅಡಿಕೆ ಚೀಲ ಬಿಚ್ಚಿದಳು.

"ಸಂಘಮಿತ್ರ, ಮನೆಗೋಗಮ್ಮ. ಮಗ ಹೊಟ್ಟೆ ತುಂಬ ಕುಡೀಲಿ. ಅದು ಮಲಗಿದ್ಮೇಲೆ ಬಾ."

ಸಂಘಮಿತ್ರ ಸೆರಗು ಬಿಗಿದು ಕೆರೆ ಏರಿಯತ್ತ ಓಡಿದಳು.

"ಏನೇ ಇದು, ಬೋಳಿ?"

"ನಮ್ ರಾಹುಕಾಲ ಈಗ ಸುರುವಾಯ್ತು ಕಣಪ್ಪ. ಅವ್ಳು ವಾಪಸ್ ಬರೋಗಂಟ ಕತ್ರಿ ಮುಟ್ಟಂಗಿಲ್ಲ."

ನಾವೆಲ್ಲ ಕತ್ತರಿಗಳನ್ನು ನೆಲಕ್ಕಿಟ್ಟೆವು. ರಾಮಾಂಜಿನಪ್ಪ ಬೈದ, ಕೇರಿಗೆ ನೀರು ನಿಲ್ಲಿಸುತ್ತೇನೆಂದ. ಆಮೇಲೆ ಬೇಲಿಯ ಹತ್ತಿರ ಬಂದು ದನಿ ಇಳಿಸಿದ.

"ಬೆಳಗ್ಗಿಂದ ಕೂತಿದ್ದಕ್ಕೂ ಕೂಲಿ ಕೊಡ್ತೀನಿ, ಏಳಮ್ಮ."

ಅವನ ಬಾಯಲ್ಲಿ ಅಮ್ಮ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಲಕ್ಷ್ಮಿದೇವಮ್ಮ ಎಲೆಗೆ ನಿಧಾನವಾಗಿ ಸುಣ್ಣ ಸವರಿದಳು. ದಪ್ಪ ಹನಿಯೊಂದು ಬಿದ್ದು ಕರ್ಪೂರ ಆರಿತು. ನಾವು ಬೇಲಿಯಾಚೆ ನೆನೆಯುತ್ತಾ ಕೂತೇ ಇದ್ದೆವು.